ಒರೆಗಲ್ಲಿನ ಊರೂ ಹಳೆಯ ಕಾರಿನ ವ್ಯಾಪಾರವೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಮಾತು. ಕಣ್ಣೆದುರಿಗಿರುವ ವಸ್ತುವಿನ ವಿಷಯದಲ್ಲೇ ಇಷ್ಟು ಎಚ್ಚರಿಕೆ ಬೇಕೆಂದ ಮೇಲೆ, ಕೈಗೆ ಸಿಗದೆ ಕೇವಲ ಮೊಬೈಲಿನ ಗಾಜಿನ ಮೇಲೆ ಚಿತ್ರವಾಗಿ ಮಿನುಗುವ ವಸ್ತುವಿನ ವಿಷಯದಲ್ಲಿ ಇನ್ನೆಷ್ಟು ಎಚ್ಚರಿಕೆ ಬೇಕು? ಅಂತರ್ಜಾಲದಲ್ಲಿ ಹಳೆಯ ಕಾರು ಕೊಳ್ಳಲು ಹೋಗಿ ಹಣ ಕಳೆದುಕೊಂಡವರ ಕಥೆಗಳು ಈಗ ನಮ್ಮ ಚಾಂಪಿಯನ್ ರೀಫ್ಸಿನ ಟೀ ಅಂಗಡಿಗಳಲ್ಲೂ ಮಾರಿಕುಪ್ಪಂ ರೈಲಿನ ಬೋಗಿಗಳಲ್ಲೂ ಕೇಳಿಬರುತ್ತಿವೆ. ಹಲವರು ಇದನ್ನು ಹೊಸ ಕಾಲದ ಹೊಸ ಪಿಡುಗೆಂದು ಭಾವಿಸಿದ್ದಾರೆ. ಇತಿಹಾಸದ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಮಾತ್ರ ಇದು ಬಹಳ ಹಳೆಯ ರೋಗವೆಂದೂ, ಇದರ ಲಕ್ಷಣಗಳನ್ನು ನಮ್ಮ ಕನ್ನಡ ನೆಲದಲ್ಲೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ವಿವರಿಸಿ ಬರೆದಿಡಲಾಗಿದೆಯೆಂದೂ ತೋರುತ್ತದೆ. ಆ ಕಥೆಯನ್ನು ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ನ್ಯಾಯಸ್ಥಾನಕ್ಕೆ ಬರುವ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದ್ದರು. ಅವುಗಳಲ್ಲೊಂದು ಅಸ್ವಾಮಿವಿಕ್ರಯ. ಅಸ್ವಾಮಿ ಎಂದರೆ ಒಡೆಯನಲ್ಲದವನು. ಅವನು ಮಾಡುವ ಮಾರಾಟವೇ ಅಸ್ವಾಮಿವಿಕ್ರಯ. ತನ್ನದಲ್ಲದ ವಸ್ತುವನ್ನು ತನ್ನದೆಂದು ಹೇಳಿ ಮಾರುವವನು ಅಂದೂ ಇದ್ದ. ಯಾಜ್ಞವಲ್ಕ್ಯ ಸ್ಮೃತಿಯು ಈ ಪ್ರಕರಣದಲ್ಲಿ ಮಾರಿದವನನ್ನಷ್ಟೇ ಅಲ್ಲದೆ ಕೊಂಡವನನ್ನೂ ವಿಚಾರಣೆಗೆ ಒಳಪಡಿಸುತ್ತದೆ. ನಾಲ್ಕು ಸಂದರ್ಭಗಳಲ್ಲಿ ಕೊಂಡವನನ್ನೂ ಕಳ್ಳನೆಂದೇ ಎಣಿಸಬೇಕೆಂಬುದು ಅದರ ತೀರ್ಮಾನ: ಕೊಡಲು ಯೋಗ್ಯತೆಯಿಲ್ಲದವನಿಂದ ಕೊಂಡಾಗ, ಗುಟ್ಟಾಗಿ ಕೊಂಡಾಗ, ತೀರ ಕಡಿಮೆ ಬೆಲೆಗೆ ಕೊಂಡಾಗ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡಾಗ.

ಈ ಸ್ಮೃತಿಗೆ ಪ್ರಸಿದ್ಧವಾದ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಯೋಗ್ಯತೆಯಿಲ್ಲದವನೆಂದರೆ ಆ ವಸ್ತುವನ್ನು ಸಂಪಾದಿಸುವ ಮಾರ್ಗವೇ ಇಲ್ಲದವನು ಎಂದು ಅವನು ಅರ್ಥ ಹೇಳುತ್ತಾನೆ. ಇದು ಅತ್ಯಂತ ಸೂಕ್ಷ್ಮವಾದ ಮಾತು. ಮಾರುವವನ ಮುಖ ಹೇಗಿದೆ, ಮಾತು ಹೇಗಿದೆ ಎಂಬುದಕ್ಕಿಂತ ಈ ವಸ್ತು ಅವನ ಕೈಗೆ ಹೇಗೆ ಬಂತು ಎಂಬುದನ್ನು ಕೇಳು ಎಂದು ವಿಜ್ಞಾನೇಶ್ವರನು ಕೊಳ್ಳುವವನಿಗೆ ಹೇಳಿದಂತಾಯಿತು. ಈ ನಾಲ್ಕು ಲಕ್ಷಣಗಳನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವು ಮತ್ತೆ ಎದುರಾಗಲಿವೆ.

ಇದೇ ಬಗೆಯ ಎಚ್ಚರವನ್ನು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಕಾಣುತ್ತೇವೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಯ ಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಆ ಗ್ರಂಥವನ್ನು ಪ್ರಕಟಿಸಿದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅಕ್ಕಸಾಲಿಗನು ಚಿನ್ನ ಕದಿಯುವ ಐದು ಉಪಾಯಗಳನ್ನು ಅದರಲ್ಲಿ ಹೆಸರಿಸಿ ವಿವರಿಸಲಾಗಿದೆ. ತಕ್ಕಡಿಯ ಮೋಸ ಅವುಗಳಲ್ಲಿ ಮೊದಲನೆಯದು. ಮೋಸಗಾರನನ್ನು ಶಪಿಸುತ್ತ ಕುಳಿತುಕೊಳ್ಳದೆ ಮೋಸದ ವಿಧಾನವನ್ನು ಅರಿತುಕೊಳ್ಳುವುದೇ ರಕ್ಷಣೆ ಎಂಬ ವಿವೇಕ ಅಲ್ಲಿದೆ.

ಇನ್ನು ನಮ್ಮ ಊರಿಗೆ ಬರೋಣ. ಕೋಲಾರದ ಚಿನ್ನದ ಗಣಿಗಳ ನೂರಿಪ್ಪತ್ತು ವರ್ಷಗಳ ಬದುಕು ನಿಂತದ್ದೇ ಪರೀಕ್ಷೆಯ ಮೇಲೆ. ಗಣಿಯಿಂದ ಮೇಲೆ ಬಂದ ಕಲ್ಲಿನಲ್ಲಿ ಚಿನ್ನವಿದೆಯೇ, ಎಷ್ಟಿದೆ ಎಂಬುದನ್ನು ಯಾರೂ ಕಣ್ಣಳತೆಯಿಂದ ಹೇಳುತ್ತಿರಲಿಲ್ಲ. ಕಲ್ಲಿನ ಮಾದರಿಯನ್ನು ಪುಡಿಮಾಡಿ, ಸೀಸದ ಆಕ್ಸೈಡು ಮೊದಲಾದವುಗಳೊಡನೆ ಮೂಸೆಯಲ್ಲಿ ಕರಗಿಸಿ, ಸೀಸದ ಗುಂಡನ್ನು ಪಡೆದು, ಅದನ್ನು ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬೂದಿಯು ಹೀರಿಕೊಂಡು ಚಿನ್ನ ಬೆಳ್ಳಿಗಳ ಒಂದು ಮಣಿ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿಯನ್ನು ಕರಗಿಸಿ, ಉಳಿದ ಚಿನ್ನವನ್ನು ತೂಗಿ ಲೆಕ್ಕ ಬರೆಯಬೇಕು. ಕಲ್ಲು ಎಷ್ಟೇ ಹೊಳೆಯಲಿ, ಈ ಅಗ್ನಿಪರೀಕ್ಷೆ ತಪ್ಪುತ್ತಿರಲಿಲ್ಲ. ಏಕೆಂದರೆ ನಮ್ಮ ಗಣಿಗಳಲ್ಲಿ ಹೊಳೆಯುವ ಕಲ್ಲಿನಲ್ಲಿ ಬರಿಯ ಗಂಧಕದ ಅದಿರು ಇರುವುದೂ ಉಂಟು, ಮಂಕಾದ ಕಲ್ಲಿನಲ್ಲಿ ಚಿನ್ನವಿರುವುದೂ ಉಂಟು.

ಈ ಪರೀಕ್ಷೆಯ ಪರಂಪರೆ ಗಣಿಗಿಂತಲೂ ಹಳೆಯದು. 1802ರಲ್ಲಿ ಮೈಸೂರು ಸಂಸ್ಥಾನದ ಗಡಿಗಳ ಸರ್ವೇಕ್ಷಣೆಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಯು ಈ ಸೀಮೆಯ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ವದಂತಿಯನ್ನು ಕೇಳಿದನು. ತೋರಿಸಿದವರಿಗೆ ಬಹುಮಾನ ಕೊಡುವೆನೆಂದು ಸಾರಿದಾಗ ಉರಿಗಾಂ ಕಡೆಯ ಗ್ರಾಮಸ್ಥರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಎದುರಿನಲ್ಲೇ ನೀರಿನಲ್ಲಿ ತೊಳೆದು, ಚಿನ್ನದ ಕಣಗಳನ್ನು ಬೇರ್ಪಡಿಸಿ ತೋರಿಸಿದರಂತೆ. ಅಕ್ಷರ ಬಾರದ ಆ ಗ್ರಾಮಸ್ಥರು ಚಿನ್ನದ ಬಗ್ಗೆ ಮಾತನಾಡಲಿಲ್ಲ, ಪ್ರಮಾಣಪತ್ರ ತೋರಿಸಲಿಲ್ಲ; ಮಣ್ಣನ್ನೇ ತಂದು ಎದುರಿಗೆ ತೊಳೆದರು. ಪ್ರಾಮಾಣಿಕ ಮಾರಾಟಗಾರನ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ನಿದರ್ಶನ ನನಗೆ ಬೇರೆ ಗೊತ್ತಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ಎಂಬತ್ತು ವರ್ಷಗಳ ಬಳಿಕ ನಡೆಯಿತು. ನೀಲಗಿರಿಯ ತಪ್ಪಲಿನ ವೈನಾಡು ಸೀಮೆಯಲ್ಲಿ, ಇಂದಿನ ಪಂದಲೂರು ಮತ್ತು ದೇವಾಲಗಳ ಸುತ್ತಮುತ್ತ, ಚಿನ್ನದ ಕಲ್ಲಿನ ಪಟ್ಟಿಗಳಿವೆಯೆಂದು ತಿಳಿದ ಸರ್ಕಾರವು ಆಸ್ಟ್ರೇಲಿಯದಿಂದ ಬ್ರೋ ಸ್ಮಿತ್ ಎಂಬ ತಜ್ಞನನ್ನು ಕರೆಸಿತು. ಅವನ ಉತ್ಸಾಹಪೂರ್ಣ ವರದಿ ಹೊರಬಿದ್ದದ್ದೇ ತಡ, 1880 ಮತ್ತು 1881ರಲ್ಲಿ ಲಂಡನ್ ನಗರದಲ್ಲಿ ವೈನಾಡಿನ ಹೆಸರು ಹೊತ್ತ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಲಕ್ಷಗಟ್ಟಲೆ ಪೌಂಡುಗಳ ಷೇರುಗಳು ಮಾರಾಟವಾದವು. ಆ ಕಾಲದ ಕಂಪನಿಗಳ ಪ್ರಕಟಣಾಪತ್ರಗಳಲ್ಲಿ ಜನರಲ್, ಕರ್ನಲ್, ಲಾರ್ಡ್ ಮೊದಲಾದ ಬಿರುದುಗಳಿರುವ ಹೆಸರುಗಳನ್ನು ಮೇಲೆ ಮುದ್ರಿಸುವುದು ವಾಡಿಕೆಯಾಗಿತ್ತು. ಅದನ್ನು ನೋಡಿದ ಮಧ್ಯಮವರ್ಗದ ಜನ ಕೂಡಿಟ್ಟ ಹಣವನ್ನು ಹೂಡುತ್ತಿದ್ದರು. ವೈನಾಡನ್ನು ಅವರಲ್ಲಿ ಬಹುಮಂದಿ ಭೂಪಟದಲ್ಲಿ ಕೂಡ ನೋಡಿದವರಲ್ಲ. ಯಂತ್ರಗಳು ಬೆಟ್ಟವೇರಿ, ಕಲ್ಲು ಅರೆದು ನೋಡಿದಾಗ ದೊರೆತ ಚಿನ್ನ ಅತ್ಯಲ್ಪ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ ಮುಚ್ಚಿದವು.

ಈ ಕುಸಿತದ ಪೆಟ್ಟು ವೈನಾಡಿಗೆ ಮಾತ್ರ ಬೀಳಲಿಲ್ಲ. ಕೋಲಾರದಲ್ಲಿ ನಿಜವಾಗಿಯೂ ಚಿನ್ನವಿತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದು, ನೆಲವನ್ನು ತಾನೇ ನಡೆದು ನೋಡಿ, 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದಿದ್ದನು. ಆದರೆ ಲಂಡನ್ನಿನಲ್ಲಿ ಕುಳಿತ ಹೂಡಿಕೆದಾರನಿಗೆ ವೈನಾಡಿನ ಕಾಗದ ಯಾವುದು, ಕೋಲಾರದ ಕಾಗದ ಯಾವುದು ಎಂಬ ವ್ಯತ್ಯಾಸ ತಿಳಿಯುವುದು ಹೇಗೆ? ಭಾರತದ ಚಿನ್ನವೆಂದರೆ ಸಾಕು, ಮುಖ ತಿರುಗಿಸುವಂತಾಯಿತು. 1880ರಲ್ಲಿ ಆರಂಭವಾದ ಮೈಸೂರು ಕಂಪನಿಯ ಬಂಡವಾಳ ಕರಗಿ, ಷೇರಿನ ಬೆಲೆ ಪೆನ್ನಿಗಳ ಮಟ್ಟಕ್ಕೆ ಇಳಿದು, ಗಣಿಯನ್ನೇ ಮುಚ್ಚುವ ಮಾತು ಬಂದಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಉಳಿದ ಹಣದಿಂದ ಕೊನೆಯ ಪ್ರಯತ್ನವಾಗಿ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಕಾಲದವರು ತೋಡಿದ್ದ ಗುಣಿಗಳ ಜಾಡು ಹಿಡಿದು ಆಳಕ್ಕಿಳಿದಾಗ ಸಿಕ್ಕಿದ್ದೇ ಚಾಂಪಿಯನ್ ಪದರ. ನಮ್ಮ ಊರಿಗೆ ಹೆಸರು ಬಂದದ್ದು ಅದರಿಂದ. ಪ್ಲಮ್ಮರ್ ಹೆಸರಿನ ಮುಂದಿರುವ ಕ್ಯಾಪ್ಟನ್ ಎಂಬುದು ಸೈನ್ಯದ ಪದವಿಯಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಗಣಿಯ ಮೇಲ್ವಿಚಾರಕನನ್ನು ಹಾಗೆ ಕರೆಯುವ ರೂಢಿ.

ಸುಳ್ಳು ಮಾರುವವನು ಕೊಂಡವನೊಬ್ಬನನ್ನೇ ಕೆಡಿಸುವುದಿಲ್ಲ. ನಿಜ ಮಾರುವವನ ಮೇಲಿನ ವಿಶ್ವಾಸವನ್ನೂ ಕೆಡಿಸುತ್ತಾನೆ. ಈ ಸತ್ಯವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ನಿರೂಪಿಸಿದವರು ಅಮೆರಿಕದ ಜಾರ್ಜ್ ಅಕರ್ಲಾಫ್. 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದು ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿತ್ತು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಮಾರಲೊಲ್ಲದೆ ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಮೂರು ವಿದ್ವತ್ಪತ್ರಿಕೆಗಳು ತಿರಸ್ಕರಿಸಿದ್ದ ಈ ಪ್ರಬಂಧಕ್ಕಾಗಿ ಅಕರ್ಲಾಫ್ ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪುರಸ್ಕಾರ ದೊರೆಯಿತು. ಅದೇ ವರ್ಷದ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದವು.

ಹಳೆಯ ಕಾರಿನ ವ್ಯಾಪಾರವು ನಮ್ಮ ದೇಶದಲ್ಲಿ ಹೇಗೆ ನಡೆದುಬಂತೆಂಬುದನ್ನು ಈಗ ನೋಡಬಹುದು. ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಮೋಟಾರು ವಾಹನಗಳ ಕಾನೂನು ಬಂದದ್ದು 1914ರಲ್ಲಿ. ಅನಂತರ 1939ರ ಕಾಯಿದೆ, ಬಳಿಕ 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆ. ನೋಂದಣಿ ಎಂಬ ಪದ್ಧತಿಯ ತಿರುಳು ಇಷ್ಟೇ: ಚಲಿಸುವ ವಸ್ತುವಿಗೆ ಚಲಿಸದ ಒಂದು ದಾಖಲೆಯಿರಬೇಕು. ದನ, ಕುದುರೆ, ಗಾಡಿಗಳ ಒಡೆತನಕ್ಕೆ ಊರಿನವರ ನೆನಪೇ ಸಾಕ್ಷಿಯಾಗಿದ್ದ ಕಾಲ ಹೋಗಿ, ದಿನಕ್ಕೆ ನೂರಾರು ಮೈಲಿ ಓಡುವ ವಾಹನಕ್ಕೆ ಸರ್ಕಾರಿ ಪುಸ್ತಕವೇ ಸಾಕ್ಷಿಯಾಯಿತು. 1930ರಲ್ಲಿ ಬಂದ ಸರಕು ಮಾರಾಟ ಕಾಯಿದೆಯು, ಮಾರುವವನಿಗೆ ಇಲ್ಲದ ಒಡೆತನವನ್ನು ಅವನು ಕೊಳ್ಳುವವನಿಗೆ ಕೊಡಲಾರನೆಂಬ ಸಾಮಾನ್ಯ ನಿಯಮವನ್ನು ವಿಧಿಸಿತು. ವಿಜ್ಞಾನೇಶ್ವರನ ಅಸ್ವಾಮಿವಿಕ್ರಯವೇ ಇಂಗ್ಲಿಷ್ ಉಡುಪಿನಲ್ಲಿ ಬಂದಂತೆ ಇದು ನನಗೆ ಕಾಣುತ್ತದೆ.

ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಬೆರಳೆಣಿಕೆಯ ಕಾರುಗಳಷ್ಟೇ ಇದ್ದ ಆ ದಶಕಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ಹೊಸ ಕಾರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ ಹಳೆಯ ಕಾರಿಗೂ ಮರ್ಯಾದೆಯಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅಲ್ಲಿಯವರೆಗೆ ನಮ್ಮ ಕಡೆ ಕಾರು ಕೊಳ್ಳುವುದೆಂದರೆ ಒಂದು ಸಾರ್ವಜನಿಕ ಸಮಾರಂಭ. ಗಣಿಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಕಾರು ಮಾರುತ್ತಾರೆಂದರೆ ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗುವುದು ಪದ್ಧತಿ. ಅವನು ಹೊಗೆಯ ಬಣ್ಣ ನೋಡುತ್ತಿದ್ದ. ನೀಲಿಯಾದರೆ ಎಂಜಿನ್ನು ಆಯಿಲ್ ಸುಡುತ್ತಿದೆಯೆಂದು ಅರ್ಥ. ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲಿನಂಥ ಕೆನೆ ಕಂಡರೆ ನೀರು ಸೇರಿದೆಯೆಂದು ತಲೆಯಾಡಿಸುತ್ತಿದ್ದ. ಜೇಬಿನಿಂದ ಆಯಸ್ಕಾಂತದ ತುಂಡು ತೆಗೆದು ಬಾಡಿಯ ಮೇಲೆ ಸರಿಸುತ್ತಿದ್ದ. ಅದು ಹಿಡಿಯದ ಕಡೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆಂದು ನಿಶ್ಚಯ. ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌.ಸಿ. ಪುಸ್ತಕದೊಡನೆ ಹೋಲಿಸುತ್ತಿದ್ದರು. ಅದು ನಮ್ಮ ಹಳೆಯ ಕಾರಿನ ಅಗ್ನಿಪರೀಕ್ಷೆ. ಅಂದು ಮೋಸವಿರಲಿಲ್ಲವೆಂದಲ್ಲ, ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆ ಅಂದಿನದೇ. ಆದರೆ ಮೋಸಗಾರನು ಎದುರಿಗೆ ನಿಲ್ಲಲೇಬೇಕಾಗಿತ್ತು, ಕಾರೂ ಎದುರಿಗೆ ನಿಲ್ಲಲೇಬೇಕಾಗಿತ್ತು.

ಗಣಿಗಳು ಮುಚ್ಚಿದ ಮೇಲೆ ನಮ್ಮ ಊರಿನ ಜೀವನ ರೈಲಿನ ಗಾಲಿಗಳ ಮೇಲೆ ಏರಿತು. ಬೆಳಗಿನ ಕತ್ತಲೆಯಲ್ಲೇ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ ನಿಲ್ದಾಣಗಳಲ್ಲಿ ಹತ್ತಿದ ಸಾವಿರಾರು ಮಂದಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂತಿರುಗುತ್ತಾರೆ. ಇಂತಹ ಕುಟುಂಬಗಳಲ್ಲಿ ಹಳೆಯ ಕಾರೊಂದನ್ನು ಕೊಳ್ಳುವುದು ಷೋಕಿಯಲ್ಲ. ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಹೊರತೆಗೆಯುವ ಹಣ ತಂದೆಗೆ ಗಣಿ ಮುಚ್ಚಿದಾಗ ಬಂದ ಇಡಿಗಂಟಿನ ಕೊನೆಯ ಉಳಿಕೆ. ಭೂಮಿಯ ಮೂರು ಸಾವಿರ ಮೀಟರ್ ಆಳದ ಕಾವಿನಲ್ಲಿ ದುಡಿದು, ದೂಳಿಗೆ ಶ್ವಾಸಕೋಶವನ್ನು ಒಪ್ಪಿಸಿ ಗಳಿಸಿದ ಹಣವದು.

ಈ ನಡುವೆ ಸಂತೆ ಸ್ಥಳಾಂತರಗೊಂಡಿತು. 2006ರಲ್ಲಿ ಓಎಲ್ಎಕ್ಸ್ ಎಂಬ ಜಾಲತಾಣ ಆರಂಭವಾಯಿತು. ಅಂತಹ ಇನ್ನೂ ಹಲವು ಬಂದವು. 2016ರಲ್ಲಿ ಯುಪಿಐ ಬಂದು ಹಣ ಕ್ಷಣಮಾತ್ರದಲ್ಲಿ ಕೈ ಬದಲಾಯಿಸುವಂತಾಯಿತು. ಇವೆರಡೂ ಉಪಕಾರಿಯಾದ ಆವಿಷ್ಕಾರಗಳೇ. ಆದರೆ ಕಾರು, ಮಾರುವವನು, ಕಾಗದ, ಹಣ ಎಂಬ ನಾಲ್ಕೂ ಹಿಂದೆ ಒಂದೇ ಅಂಗಳದಲ್ಲಿ ಸೇರುತ್ತಿದ್ದವು. ಈಗ ನಾಲ್ಕೂ ನಾಲ್ಕು ದಿಕ್ಕಿನಲ್ಲಿರಬಹುದು. ಈ ಅಂತರದಲ್ಲಿ ವೈನಾಡಿನ ಪ್ರಕಟಣಾಪತ್ರ ಮತ್ತೆ ಜೀವತಳೆಯಿತು.

ಅದರ ಹೊಸ ರೂಪ ಹೀಗಿದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಾರಿನ ಚಿತ್ರಗಳು, ಪೇಟೆಯ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಿನ ಬೆಲೆ. ಮಾರುವವನು ತಾನು ಸೈನಿಕನೆಂದೋ ಅರೆಸೈನಿಕ ಪಡೆಯವನೆಂದೋ ಹೇಳಿಕೊಳ್ಳುತ್ತಾನೆ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳ ಚಿತ್ರಗಳನ್ನು ತಾನಾಗಿಯೇ ಕಳಿಸುತ್ತಾನೆ. ಅವು ಯಾರೋ ನಿರಪರಾಧಿಯಿಂದ ಕದ್ದವು. ದೂರದ ಊರಿಗೆ ವರ್ಗವಾಗಿದೆ, ಕಾರು ಕಂಟೋನ್ಮೆಂಟಿನಲ್ಲೋ ವಿಮಾನನಿಲ್ದಾಣದಲ್ಲೋ ನಿಂತಿದೆ, ಸೈನ್ಯದ ಸಾಗಣೆಯಲ್ಲಿ ಮನೆಗೇ ಬರುತ್ತದೆ, ಗೇಟ್ ಪಾಸಿಗೆ ಇಷ್ಟು ಕಳಿಸಿ, ತೆರಿಗೆಗೆ ಇಷ್ಟು ಕಳಿಸಿ, ಇದು ಹಿಂದಿರುಗುವ ಹಣ ಎನ್ನುತ್ತಾನೆ. ಬೆಂಗಳೂರೂ ಸೇರಿದಂತೆ ದೇಶದ ಅನೇಕ ನಗರಗಳ ಪೊಲೀಸರು ಈ ವಂಚನೆಯ ಬಗ್ಗೆ ಪದೇ ಪದೇ ಎಚ್ಚರಿಸಿದ್ದಾರೆ. 1880ರಲ್ಲಿ ಲಂಡನ್ನಿನವನಿಗೆ ಕರ್ನಲನ ಹೆಸರು ತೋರಿಸಿ ಮಾಡಿದ ಕೆಲಸವನ್ನೇ ಈಗ ಸಮವಸ್ತ್ರದ ಚಿತ್ರ ತೋರಿಸಿ ಮಾಡಲಾಗುತ್ತಿದೆ. ಜನಕ್ಕೆ ಸೈನಿಕನ ಮೇಲಿರುವ ಗೌರವವನ್ನೇ ಮೋಸಗಾರನು ಬಂಡವಾಳವಾಗಿ ಮಾಡಿಕೊಂಡಿದ್ದಾನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಬೆಂಗಳೂರಿನಲ್ಲಿ ದುಡಿಯುವವನು, ವಾರಕ್ಕೆರಡು ಬಾರಿ ತಾಯಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು.

"ಸಾರ್, ಒಂದು ವ್ಯಾಗನ್ ಆರ್ ನೋಡಿದೀನಿ. ಮಿಲಿಟರಿಯವರ ಗಾಡಿ ಸಾರ್, ಒಂದು ಲಕ್ಷ ನಲವತ್ತು ಸಾವಿರಕ್ಕೆ ಕೊಡ್ತಾರಂತೆ" ಎಂದನು.

"ನೋಡಿದೀನಿ ಅಂದ್ರೆ ಗಾಡೀನಾ, ಫೋಟೋನಾ?"

"ಫೋಟೋ ಸಾರ್. ಗಾಡಿ ಅವರೇ ಕಳಿಸ್ತಾರೆ."

"ಪೇಟೆಯಲ್ಲಿ ಅಂಥ ಗಾಡಿಗೆ ಎಷ್ಟಪ್ಪಾ?"

"ಎರಡೂ ಮುಕ್ಕಾಲು ಇದೆ ಸಾರ್. ಅದಕ್ಕೇ ಯಾರಿಗೂ ಹೇಳಬೇಡಿ, ಬೇರೆಯವರು ಕೇಳ್ತಿದಾರೆ, ಇವತ್ತು ರಾತ್ರಿಯೊಳಗೆ ಹಣ ಹಾಕಿ ಅಂತ ಹೇಳಿದಾರೆ."

ಗೇಟ್ ಪಾಸಿಗೆಂದು 5,100 ರೂಪಾಯಿಗಳನ್ನು ಅವನು ಆಗಲೇ ಕಳಿಸಿಬಿಟ್ಟಿದ್ದನು. ನಾನು ಬುದ್ಧಿ ಹೇಳುವ ಬದಲು ಕಲ್ಯಾಣದ ವಿಜ್ಞಾನೇಶ್ವರನ ನಾಲ್ಕು ಲಕ್ಷಣಗಳನ್ನು ಕಾಗದದ ಮೇಲೆ ಬರೆದು ಅವನ ಮುಂದಿಟ್ಟೆ. ವಸ್ತು ತನ್ನದೆಂದು ತೋರಿಸುವ ಮಾರ್ಗವಿಲ್ಲದ ಮಾರಾಟಗಾರ, ಯಾರಿಗೂ ಹೇಳಬೇಡವೆಂಬ ಗುಟ್ಟು, ಅರ್ಧ ಬೆಲೆ, ರಾತ್ರಿಯ ಗಡುವು. ಹುಡುಗ ಓದಿ ಬಹಳ ಹೊತ್ತು ಸುಮ್ಮನಿದ್ದನು. ಕಳುಹಿಸಿದ ಹಣ ಹಿಂದಿರುಗಲಿಲ್ಲ. ಆದರೆ ತಂದೆಯ ಗಣಿಯ ದುಡ್ಡು ಉಳಿಯಿತು. ಮುಂದೆ ಬಂಗಾರಪೇಟೆಯ ನಿವೃತ್ತ ರೈಲ್ವೆ ನೌಕರರೊಬ್ಬರಿಂದ, ಮನೆಯಂಗಳದಲ್ಲಿ ನಿಂತಿದ್ದ ಕಾರನ್ನು ಹೆಚ್ಚು ಬೆಲೆ ಕೊಟ್ಟೇ ಕೊಂಡನು.

ಹಾಗಾದರೆ ಇಂದಿನ ಒರೆಗಲ್ಲು ಯಾವುದು? ತಿಳಿದುಕೊಂಡಷ್ಟನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಕಾರನ್ನು ಹಗಲಿನಲ್ಲಿ, ಮಾರುವವನ ಮನೆಯ ಮುಂದೆ, ಪರಿಚಯದ ಮೆಕ್ಯಾನಿಕ್ಕನೊಡನೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಕೂಡದು. ಮುಂಗಡ, ಠೇವಣಿ, ಸಾಗಣೆ ವೆಚ್ಚ, ಹೆಸರು ಯಾವುದಾದರೂ ಸರಿ. ಹಣ ಪಡೆಯಲು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿರೆಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ.

ಎರಡನೆಯದು ಒಡೆತನ. ವಾಹನದ ಸಂಖ್ಯೆಯನ್ನು ಸರ್ಕಾರದ ಪರಿವಾಹನ್ ತಾಣದಲ್ಲಿ ನಮೂದಿಸಿದರೆ ನೋಂದಣಿಯ ದಿನಾಂಕ, ವಿಮೆ, ಅರ್ಹತಾಪತ್ರದ ಅವಧಿ, ಸಾಲದ ಋಣ ಮೊದಲಾದ ವಿವರಗಳು ಕಾಣುತ್ತವೆ. ಒಡೆಯನ ಹೆಸರಿನ ಕೆಲವು ಅಕ್ಷರಗಳನ್ನು ಮುಚ್ಚಿರುತ್ತಾರೆ. ಉಳಿದವು ಮಾರುವವನ ಗುರುತಿನ ಚೀಟಿಗೆ ಹೊಂದುತ್ತವೆಯೇ ಎಂದು ನೋಡಬಹುದು. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆಯೇ ಓದಿ ಆರ್‌.ಸಿ.ಯೊಡನೆ ಹೋಲಿಸಬೇಕು, ಪೆನ್ಸಿಲಿನ ಹಳೆಯ ವಿದ್ಯೆ ಇಂದಿಗೂ ಪ್ರಯೋಜನಕಾರಿ. ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ಪತ್ರವೂ, ಋಣ ರದ್ದತಿಯ ನಮೂನೆ 35ರಲ್ಲಿ ಬ್ಯಾಂಕಿನ ರುಜುವೂ ಇರಬೇಕು.

ಮೂರನೆಯದು ನಮ್ಮ ಗಡಿ ಸೀಮೆಗೆ ವಿಶೇಷವಾದುದು. ಕೆ.ಜಿ.ಎಫ್. ನಿಂದ ಆಂಧ್ರವೂ ತಮಿಳುನಾಡೂ ಕೂಗಳತೆಯ ದೂರ. ಗಡಿಯಾಚೆಯ ಕಾರು ಅಗ್ಗವಾಗಿ ಕಾಣುತ್ತದೆ. ಆದರೆ ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಮೂಲ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಪಡೆಯಬೇಕು. ಆ ಲೆಕ್ಕ ಸೇರಿಸಿದ ಮೇಲೂ ಅಗ್ಗವೇ ಎಂದು ನೋಡಬೇಕು. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ಮುಳುಗಿದ ಸಾವಿರಾರು ಕಾರುಗಳನ್ನು ವಿಮಾ ಕಂಪನಿಗಳು ಹರಾಜಿಗಿಟ್ಟಿದ್ದನ್ನು ಇಲ್ಲಿ ನೆನೆಯಬಹುದು. ನೆರೆ ಬಂದಾಗಲೆಲ್ಲ ಅಂತಹ ಕಾರುಗಳು ಹೊಸ ಬಣ್ಣ ತೊಟ್ಟು ದೂರದ ಊರುಗಳ ಸಂತೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಕಲೆ ಕಾಣಬಹುದು. ಸೀಟಿನ ಕೆಳಗಿನ ಕಬ್ಬಿಣದ ತುಕ್ಕೂ, ಮುಗ್ಗಲು ವಾಸನೆಯೂ ಸುಳ್ಳು ಹೇಳುವುದಿಲ್ಲ.

ನಾಲ್ಕನೆಯದು ಹೆಸರಿನ ವರ್ಗಾವಣೆ. ಇದನ್ನು ಅಲಕ್ಷಿಸುವವರು ಬಹಳ. ನಮೂನೆ 29 ಮತ್ತು 30ರ ಮೂಲಕ ಮಾರುವವನು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಕಾನೂನು. ಇದು ಕೊಂಡವನ ರಕ್ಷಣೆಗೆ ಎಷ್ಟೋ ಮಾರಿದವನ ರಕ್ಷಣೆಗೂ ಅಷ್ಟೇ. ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಕಾರು ಮಾರಿ ವರ್ಷಗಳಾಗಿದ್ದರೂ ಅವನಿಗೆ ಬಿಡುಗಡೆ ದೊರೆಯಲಿಲ್ಲ. ಹಳೆಯ ವಾಹನಗಳ ವ್ಯಾಪಾರಿಗಳು ನೋಂದಣಿ ಅಧಿಕಾರಿಯಿಂದ ಅಧಿಕಾರಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ವ್ಯಾಪಾರಿಯಿಂದ ಕೊಳ್ಳುವವರು ಆ ಪತ್ರವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಇಷ್ಟಾದರೂ ಮೋಸಹೋದವರು ನಾಚಿಕೆಯಿಂದ ಮೌನವಾಗಿರುವುದುಂಟು. ಅದು ಮೋಸಗಾರನಿಗೆ ಮಾಡುವ ಎರಡನೆಯ ಉಪಕಾರ. ಹಣ ಹೋದ ಕೂಡಲೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಈ ಸಂಖ್ಯೆಯೂ ಸರಕು ಮಾರಾಟ ಕಾಯಿದೆಯ ಇಸವಿಯೂ ಒಂದೇ ಆಗಿರುವುದು ಕಾಕತಾಳೀಯವಾದರೂ, ಇಸವಿಗಳನ್ನು ಕಂಠಪಾಠ ಮಾಡಿಸುತ್ತಿದ್ದ ಮೇಷ್ಟ್ರಿಗೆ ಅನುಕೂಲವೇ ಆಯಿತು.

ಕೊನೆಯದಾಗಿ ಒಂದು ಮಾತು. ಈ ಎಚ್ಚರಿಕೆಗಳನ್ನು ಓದಿ ಮಾರುವವರೆಲ್ಲರನ್ನೂ ಅನುಮಾನಿಸುವಂತಾದರೆ ಅಕರ್ಲಾಫ್ ಹೇಳಿದ ಸಂತೆಯೇ ನಮ್ಮ ಊರಿನಲ್ಲೂ ಉಳಿಯುತ್ತದೆ. ವೈನಾಡಿನ ಪಾಪಕ್ಕೆ ಕೋಲಾರವು ದಂಡ ತೆರುತ್ತದೆ. ಪರೀಕ್ಷೆಯೆಂಬುದು ಅಪಮಾನವಲ್ಲ. ಉರಿಗಾಂ ಗ್ರಾಮಸ್ಥರು ಮಣ್ಣನ್ನು ವಾರನ್ನನ ಎದುರಿಗೆ ತೊಳೆದು ತೋರಿಸಿದಾಗ ಯಾರ ಮರ್ಯಾದೆಯೂ ಕುಂದಲಿಲ್ಲ. ಅವರ ಮಾತಿಗೆ ಬೆಲೆ ಬಂದದ್ದೇ ಆಗ. ಆದ್ದರಿಂದ ಕಾರು ಕೊಳ್ಳುವವರು ಕೇಳಲಿ, ಮಾರುವವರು ತೋರಿಸಲಿ. ಕೇಳಿದ್ದಕ್ಕೆ ಸಿಟ್ಟಾಗುವವನನ್ನು ಬಿಟ್ಟು, ಕೇಳುವ ಮೊದಲೇ ಬಾನೆಟ್ ಎತ್ತಿ ನಿಲ್ಲುವವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.